ಬಟ್ಟೆ ಒಗೆದ ನೀರು ಕೈತೋಟಕ್ಕೆ: ಕೊಳೆಗಿಂತ ಚೌಳಿನದೇ ಭಯ

ಕುಡಿಯುವ ನೀರನ್ನು ಗಿಡಗಳಿಗೆ ಸುರಿಯುವುದು ಎಷ್ಟು ದುಬಾರಿ ಎಂಬುದು ನಗರವಾಸಿಗಳಿಗೆ ಮನವರಿಕೆಯಾದದ್ದು 2024ರ ಬೇಸಿಗೆಯಲ್ಲಿ. ಅದರ ಹಿಂದಿನ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿತು. ಆಗ ಅನೇಕರ ದೃಷ್ಟಿ ಹರಿದದ್ದು ಬಟ್ಟೆ ಒಗೆದ ನೀರಿನತ್ತ.

ಈ ನೀರಿನ ಪ್ರಮಾಣ ಅಲ್ಪವೇನಲ್ಲ. ಮೇಲಿನಿಂದ ಬಟ್ಟೆ ತುಂಬುವ ವಾಷಿಂಗ್ ಮಷಿನ್ ಒಂದು ಸಲಕ್ಕೆ ಸುಮಾರು 100 ಲೀಟರ್ ನೀರು ಬಳಸುತ್ತದೆ. ಜಲಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ ನಿಗದಿಪಡಿಸಿರುವುದು 55 ಲೀಟರ್. ಅಂದರೆ ಒಂದು ಸಲದ ಒಗೆತದಲ್ಲಿ ಹೆಚ್ಚುಕಡಿಮೆ ಇಬ್ಬರ ಒಂದು ದಿನದ ಪಾಲು ಮೋರಿ ಸೇರುತ್ತದೆ.

ಹಿತ್ತಿಲ ಬಾಳೆಯ ಪಾಠ

ತುಂಗಭದ್ರೆ ಹರಿಯುವ ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿಯಂತಹ ಊರುಗಳ ಜನರಿಗೆ ಈ ವಿಚಾರ ಹೊಸದೆನಿಸದು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸುವಿನ ಗಿಡ ನೆಡುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಆದರೆ ಅಂದಿನ ಬಚ್ಚಲಿನಿಂದ ಹರಿಯುತ್ತಿದ್ದುದು ಸೀಗೆಕಾಯಿ, ಅಂಟುವಾಳದ ನೀರು. ಇಂದು ಹರಿಯುವುದು ಸೋಪಿನ ಪುಡಿಯ ನೀರು. ವ್ಯತ್ಯಾಸವಿರುವುದು ಇಲ್ಲಿಯೇ.

ಹಿಂದೆ ಮಡಿವಾಳರು ಬಟ್ಟೆಯ ಕೊಳೆ ತೆಗೆಯಲು ಚೌಳು ಮಣ್ಣನ್ನು ಬಳಸುತ್ತಿದ್ದರು. ಅದೇ ಚೌಳು ಹೊಲದಲ್ಲಿ ಕಾಣಿಸಿಕೊಂಡರೆ ರೈತ ಬೆಚ್ಚುತ್ತಿದ್ದ. ಎರಡಕ್ಕೂ ಕಾರಣ ಅದರಲ್ಲಿರುವ ಸೋಡಿಯಂ ಲವಣ. ಸೋಪಿನ ಪುಡಿಯಲ್ಲಿರುವ ವಾಷಿಂಗ್ ಸೋಡಾ ಕೂಡ ಸೋಡಿಯಂ ಕಾರ್ಬೊನೇಟ್. ಸೋಡಿಯಂ ಹೆಚ್ಚಾದಂತೆ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ, ನೀರು ಇಂಗುವ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಮೇಲೆ ನೀರು ನಿಂತರೂ ಬೇರು ಒಣಗುತ್ತದೆ. ಕೆಂಪು ಮರಳು ಮಣ್ಣಿಗಿಂತ ಕಪ್ಪು ಎರೆಮಣ್ಣಿಗೆ ಈ ಅಪಾಯ ಹೆಚ್ಚು.

ಜಲ್ಲಿ, ಮರಳು, ಇದ್ದಿಲಿನ ಸೋಸುಗವನ್ನು ಅಳವಡಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ನೂಲಿನ ಎಳೆ, ಕೊಳೆಯನ್ನು ತಡೆಯುತ್ತದೆ. ಜೊಂಡು ಬೆಳೆಸಿದ ಜಲ್ಲಿಯ ತೊಟ್ಟಿಯಲ್ಲಿ ಸೋಪಿನ ಅಂಶವನ್ನು ಸೂಕ್ಷ್ಮಜೀವಿಗಳು ಒಡೆಯುತ್ತವೆ. ಆದರೆ ಕರಗಿದ ಸೋಡಿಯಂ ಇವೆರಡನ್ನೂ ದಾಟಿ ಗಿಡದ ಬುಡ ಸೇರುತ್ತದೆ. ಅದನ್ನು ತಗ್ಗಿಸುವ ಉಪಾಯವಿರುವುದು ಒಗೆಯುವ ಹಂತದಲ್ಲಿಯೇ.

ಅನುಸರಿಸಬೇಕಾದ ಕ್ರಮ

* ಸೋಪಿನ ಮೊದಲ ನೀರನ್ನು ಮೋರಿಗೆ ಬಿಡಿ. ಜಾಲಿಸಿದ ಕೊನೆಯ ನೀರನ್ನು ಮಾತ್ರ ಹಿಡಿದಿಡಿ.
* ಪುಡಿಯ ಬದಲು ದ್ರವರೂಪದ ಮಾರ್ಜಕ ಬಳಸಿ. ಸಾಮಾನ್ಯವಾಗಿ ಅದರಲ್ಲಿ ಸೋಡಿಯಂ ಕಡಿಮೆ. ಬ್ಲೀಚ್, ಬೋರಾಕ್ಸ್ ಹಾಕಿದ ನೀರು, ಮಗುವಿನ ಮಲಮೂತ್ರದ ಬಟ್ಟೆ ಒಗೆದ ನೀರು ಬೇಡ.
* ಹಿಡಿದ ನೀರನ್ನು ಅದೇ ದಿನ ಬಳಸಿ. ನಿಂತರೆ ನಾರುತ್ತದೆ, ಸೊಳ್ಳೆಗೂ ಆಶ್ರಯವಾಗುತ್ತದೆ.
* ಎಲೆಯ ಮೇಲೆ ಚಿಮುಕಿಸದೆ ಬುಡದ ಮಣ್ಣಿಗೆ ಹಾಕಿ. ಬಾಳೆ, ತೆಂಗು, ದಾಸವಾಳಕ್ಕೆ ಆಗಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಗಜ್ಜರಿಗೆ ಬೇಡ.
* ಒಂದೇ ಗಿಡಕ್ಕೆ ನಿತ್ಯ ಹಾಕದೆ ಸರದಿಯಂತೆ ಬದಲಿಸಿ. ನಡುನಡುವೆ ಮಳೆನೀರು ಕೊಡಿ. ಕುಂಡದಲ್ಲಿ ಲವಣ ಬೇಗ ಶೇಖರಗೊಳ್ಳುವುದರಿಂದ ಹೆಚ್ಚಿನ ಎಚ್ಚರ ಅಗತ್ಯ.

ಎಲೆಯ ಅಂಚು ಸುಟ್ಟಂತಾಗುವುದು, ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟುವುದು, ನೀರು ಇಂಗಲು ತಡವಾಗುವುದು ಅಪಾಯದ ಸೂಚನೆಗಳು. ಹಾಗಾದಲ್ಲಿ ಬಟ್ಟೆ ಒಗೆದ ನೀರನ್ನು ನಿಲ್ಲಿಸಿ, ಮಣ್ಣಿಗೆ ಜಿಪ್ಸಂ ಬೆರೆಸಿ, ಸಿಹಿನೀರನ್ನು ಧಾರಾಳವಾಗಿ ಹಾಯಿಸಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಸ್ಥಳಾಂತರಿಸುತ್ತದೆ, ನೀರು ಅದನ್ನು ಕೆಳಕ್ಕೆ ಒಯ್ಯುತ್ತದೆ. ಚೌಳು ಹೊಲಗಳಿಗೆ ಮಾಡುವ ಉಪಚಾರವೂ ಇದೇ.

ಆದರೆ ಆ ಉಪಚಾರಕ್ಕೆ ಬೇಕಾಗುವುದು ಒಳ್ಳೆಯ ನೀರು. ಉಳಿಸಲು ಹೊರಟದ್ದೂ ಅದನ್ನೇ ಆದ್ದರಿಂದ, ಮಣ್ಣು ಕೆಡುವ ಮೊದಲೇ ಜಾಗ್ರತೆ ವಹಿಸುವುದು ಲೇಸು.