ಗಾಡಿ ಬದಲಿಸುವ ಮುನ್ನ ಲೋಡು ನೋಡಿ

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಸುತ್ತಲಿನ ರೈತರ ಗೂಡು ಹೊತ್ತು ತರುವ ಪಿಕಪ್ ಒಂದು. ಅದೇ ಊರಿನ ಯಾರ್ಡಿಗೆ ಹುಣಸೆಹಣ್ಣು ತರುವ ಪಿಕಪ್ ಇನ್ನೊಂದು. ಎರಡೂ ಒಂದೇ ವರ್ಷ ಕೊಂಡವು, ಎರಡೂ ತಿಂಗಳಿಗೊಮ್ಮೆ ದಾರಿಯಲ್ಲಿ ಕೈಕೊಡುತ್ತವೆ ಎಂದಿಟ್ಟುಕೊಳ್ಳಿ. ಮಡಕಶಿರಾ ರಸ್ತೆಯಲ್ಲಿ ಎರಡೂ ಒಂದೇ ದಿನ ಕೆಟ್ಟು ನಿಂತರೆ ಮೆಕ್ಯಾನಿಕ್ ಕೇಳುವ ಹಣದಲ್ಲಿ ವ್ಯತ್ಯಾಸವಿರುವುದಿಲ್ಲ. ಆದರೂ ಮೊದಲನೆಯದನ್ನು ಮಾರುವುದು ಸರಿ, ಎರಡನೆಯದನ್ನು ಇಟ್ಟುಕೊಳ್ಳುವುದು ಸರಿ ಎಂಬುದು ನನ್ನ ವಾದ. ಗಾಡಿ ಬದಲಿಸಬೇಕೇ ಬೇಡವೇ ಎಂದು ಯೋಚಿಸುವಾಗ ನಾವು ಅದರ ವಯಸ್ಸನ್ನೂ ಗ್ಯಾರೇಜಿನ ಬಿಲ್ಲನ್ನೂ ನೋಡುತ್ತೇವೆ. ನಷ್ಟ ಕುಳಿತಿರುವುದು ಮಾತ್ರ ಹಿಂದಿನ ತೊಟ್ಟಿಯಲ್ಲಿ, ಲೋಡಿನ ಜೊತೆ.

ಗೂಡಿನ ಸ್ವಭಾವವನ್ನೇ ನೋಡಿ. ಹಣ್ಣಾದ ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟಿ ಮುಗಿಸಿದ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಗೂಡು ಬಲಿತು ಬಿಡಿಸುವ ಹೊತ್ತಿಗೇ ಆ ಅವಧಿಯ ಅರ್ಧ ಕಳೆದಿರುತ್ತದೆ. ಉಳಿದ ಕೆಲವೇ ದಿನಗಳಲ್ಲಿ ಮಾರಾಟವಾಗಬೇಕು, ಜೊತೆಗೆ ಕೋಶದ ತೇವ ಆರಿದಂತೆಲ್ಲ ತೂಕ ಇಳಿಯುತ್ತಲೇ ಹೋಗುತ್ತದೆ. ಚೀಲದಲ್ಲಿ ತುಂಬಿದ ಗೂಡು ಬಿಸಿಲಲ್ಲಿ ನಿಂತರೆ ಒಳಗೆ ಕಾವು ಏರಿ ಗುಣವೂ ಕೆಡುತ್ತದೆ, ರೀಲರ್ ಕೈ ಹಾಕಿ ನೋಡಿದ ಕೂಡಲೇ ಬೆಲೆ ಇಳಿಸುತ್ತಾನೆ. ಅಂದಿನ ಹರಾಜು ತಪ್ಪಿದರೆ ಕಳೆದುಹೋಗುವುದು ಒಂದು ಟ್ರಿಪ್ಪಿನ ಬಾಡಿಗೆಯಷ್ಟೇ ಅಲ್ಲ, ಒಂದು ತಿಂಗಳ ಹಿಪ್ಪುನೇರಳೆ, ಕೂಲಿ, ಮನೆಮಂದಿಯ ನಿದ್ದೆಗೆಟ್ಟ ರಾತ್ರಿಗಳ ಫಲ. ಹುಣಸೆಹಣ್ಣಿಗೆ ಈ ಅವಸರವಿಲ್ಲ, ಎರಡು ದಿನ ತಡವಾದರೂ ಹಣ್ಣು ಹಣ್ಣೇ. ಕಲ್ಯಾಣದುರ್ಗದ ಕಡೆಗೂ ಇದೇ ಮಾತು ಸಲ್ಲುತ್ತದೆ. ಒಣಗಿದ ಕಡಲೆಕಾಯಿ ಚೀಲದಲ್ಲಿ ಕಾಯುತ್ತದೆ, ಟೊಮೆಟೊ ಕಾಯುವುದಿಲ್ಲ. ಅಲ್ಲಿ ದೂರವೂ ಸೇರಿಕೊಳ್ಳುತ್ತದೆ. ಕಲ್ಯಾಣದುರ್ಗದಿಂದ ಅನಂತಪುರಕ್ಕೆ ಸುಮಾರು 60 ಕಿ.ಮೀ., ಹಳ್ಳಿಯಿಂದ ಪೇಟೆಯವರೆಗಿನ ದಾರಿ ಬೇರೆ. ನಡುವೆ ರಾತ್ರಿ ಗಾಡಿ ನಿಂತರೆ ಸ್ಪೇರ್ ಸಿಗುವ ಅಂಗಡಿ ಬೆಳಗಿನವರೆಗೆ ತೆರೆಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಮುಂದಿನ ಅಂಕಿಗಳು ವಿಧಾನ ತೋರಿಸಲು ಊಹಿಸಿಕೊಂಡವು, ಓದುಗರು ತಮ್ಮವನ್ನು ಹಾಕಿಕೊಳ್ಳಬೇಕು. ಹೊಸ ಪಿಕಪ್ ರಸ್ತೆಗಿಳಿಯಲು 10 ಲಕ್ಷ ರೂಪಾಯಿ. ಕೈಯಿಂದ 2 ಲಕ್ಷ ಕಟ್ಟಿ, ಉಳಿದ 8 ಲಕ್ಷಕ್ಕೆ ಶೇ 11ರ ಬಡ್ಡಿಯಲ್ಲಿ ಐದು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 17,400, ವರ್ಷಕ್ಕೆ 2 ಲಕ್ಷ 9 ಸಾವಿರ. ಹಳೆಯ ಗಾಡಿ ವರ್ಷಕ್ಕೆ 90 ಸಾವಿರ ರಿಪೇರಿ ತಿಂದರೂ ಸುಮಾರು 1 ಲಕ್ಷ 19 ಸಾವಿರ ಉಳಿಯಿತು. ‘ಕಂತು ಕಟ್ಟುವುದಕ್ಕಿಂತ ರಿಪೇರಿ ಮಾಡಿಸುವುದೇ ಲೇಸು’ ಎಂಬ ಗ್ಯಾರೇಜಿನ ಮಾತು ಇಲ್ಲಿಂದ ಹುಟ್ಟುತ್ತದೆ, ಇಷ್ಟರಮಟ್ಟಿಗೆ ಅದು ನಿಜ. ಈಗ ತೊಟ್ಟಿಯ ಲೆಕ್ಕ ಸೇರಿಸಿ. 300 ಕೆ.ಜಿ. ಗೂಡಿಗೆ ತಡವಾದ ಕಾರಣ ಕಿಲೋಗೆ 25 ರೂಪಾಯಿ ಕಡಿಮೆ ಸಿಕ್ಕರೆ 7,500. ನಡುದಾರಿಯಲ್ಲಿ ಬೇರೆ ಗಾಡಿ ಕರೆಸಿದ ಬಾಡಿಗೆ 3,500. ಒಂದು ಸಲ ನಿಂತದ್ದಕ್ಕೆ 11 ಸಾವಿರ. ವರ್ಷಕ್ಕೆ ಹನ್ನೊಂದು ಸಲ ಹೀಗಾದರೆ ರಿಪೇರಿಯಲ್ಲಿ ಉಳಿಸಿದ್ದೆಲ್ಲ ಹೋಯಿತು, ತಿಂಗಳಿಗೊಮ್ಮೆ ನಿಲ್ಲುವ ಗಾಡಿ ಅದನ್ನು ದಾಟಿಯೇ ಬಿಡುತ್ತದೆ. ಹುಣಸೆಯ ಗಾಡಿ ನಿಂತರೆ ಆಗುವ ನಷ್ಟ 1,500 ಎಂದುಕೊಂಡರೆ ಅದೇ ಹಣ ಕರಗಲು ಎಂಬತ್ತರ ಹತ್ತಿರ ಸಲ ಕೆಡಬೇಕು. ಅಷ್ಟು ಸಲ ಕೆಡುವ ಗಾಡಿಯನ್ನು ಯಾರೂ ಇಟ್ಟುಕೊಂಡಿರುವುದಿಲ್ಲ.

ಕಂತು ಮುಗಿದ ಮೇಲೆ ಗಾಡಿ ನಮ್ಮದಾಗುತ್ತದಲ್ಲ, ಅದನ್ನೇಕೆ ಎಣಿಸಲಿಲ್ಲ ಎಂದು ಕೇಳಬಹುದು. ಎಣಿಸೋಣ. ಐದು ವರ್ಷದಲ್ಲಿ ಕೈಬಿಟ್ಟ ಹಣ 12 ಲಕ್ಷ 44 ಸಾವಿರ. ಆಗ ಗಾಡಿಗೆ ನಾಲ್ಕೂವರೆ ಲಕ್ಷ ಬಂದರೂ ವರ್ಷಕ್ಕೆ ಬೀಳುವ ಹೊರೆ 1 ಲಕ್ಷ 59 ಸಾವಿರ. ಹೊಸ ಗಾಡಿಗೂ ಸರ್ವಿಸ್, ಟೈರು ಬೇಕೇ ಬೇಕು, ಅದಕ್ಕೊಂದು 30 ಸಾವಿರ ಸೇರಿಸಿ. ಹಳೆಯದಕ್ಕಿಂತ ಒಂದು ಲಕ್ಷದಷ್ಟು ಹೆಚ್ಚು. ಗೂಡಿನ ಗಾಡಿಗೆ ಹನ್ನೊಂದರ ಮಿತಿ ಒಂಬತ್ತಕ್ಕೆ ಇಳಿಯಿತು, ತೀರ್ಪೇನೂ ಬದಲಾಗಲಿಲ್ಲ. ಸರಕು ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿರುವುದು ಕೊಳ್ಳುವವರಿಗೆ ಒಳ್ಳೆಯದೇ. ಆದರೆ ಹೊಸದು ಅಗ್ಗವಾದಾಗ ಮಾರಲು ಹೊರಟ ಹಳೆಯದರ ಬೆಲೆಯೂ ಜಗ್ಗುತ್ತದೆ.

ಇನ್ನು ಗಾಡಿ ಏಕೆ ಕೆಡುತ್ತದೆ ಎಂಬ ಪ್ರಶ್ನೆ. ಅದನ್ನು ಕೇಳದೆ ಮಾರುವವರೇ ಹೆಚ್ಚು ಎಂಬುದು ನನ್ನನ್ನು ನೋಯಿಸುವ ಸಂಗತಿ. ಕ್ಲಚ್ ಪ್ಲೇಟು, ಬ್ರೇಕ್, ಬ್ಯಾಟರಿ, ಬೇರಿಂಗ್ ಸವೆಯುವ ವಸ್ತುಗಳು. ಸದ್ದು ಮಾಡಿ, ವಾಸನೆ ಬೀರಿ, ಮೊದಲೇ ಸೂಚನೆ ಕೊಡುತ್ತವೆ. ಲೋಡಿಲ್ಲದ ದಿನ ನೋಡಿ ಬದಲಿಸಿದರೆ ಅವುಗಳಿಂದ ದಾರಿಯಲ್ಲಿ ಕಷ್ಟ ಬರುವುದು ಅಪರೂಪ. ಚಾಸಿ ಬಿರುಕು ಬಿಡುವುದು, ಎರಡು ಸಲ ಬೋರ್ ಮಾಡಿಸಿದರೂ ಇಂಜಿನ್ ಕಾಯುವುದು, ವೈರಿಂಗ್ ಒಂದೊಂದು ದಿನ ಒಂದೊಂದು ಕಡೆ ಕೈಕೊಡುವುದು ಬೇರೆ ಜಾತಿಯ ರೋಗಗಳು. ಅವು ಹೇಳಿ ಬರುವುದಿಲ್ಲ, ಹೇಳಿ ಹೋಗುವುದೂ ಇಲ್ಲ. ಈ ಎರಡರ ಆಚೆ ಮೂರನೆಯ ಕಾರಣವಿದೆ: ಹೆಚ್ಚುವರಿ ಲೋಡು. 2005ರಲ್ಲಿ ಬಂದ ಟಾಟಾ ಏಸ್ ಮುಕ್ಕಾಲು ಟನ್ನಿನ ಆಸುಪಾಸು ಹೊರಲು ಮಾಡಿದ ಬಂಡಿ. ಅದರ ಮೇಲೆ ಒಂದೂವರೆ ಟನ್ ಹೇರಿದರೆ ಕಮಾನ್ ಪಟ್ಟಿ ಮುರಿಯುವುದು ಬಂಡಿಯ ತಪ್ಪಲ್ಲ. ಅಂಥವರು ಹೊಸದು ತಂದರೆ ಎರಡೇ ವರ್ಷದಲ್ಲಿ ಅದೂ ಗ್ಯಾರೇಜು ಸೇರುತ್ತದೆ, ಈ ಬಾರಿ ಕಂತಿನ ಸಮೇತ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹೆಚ್ಚುವರಿ ಭಾರಕ್ಕೆ ದಂಡ 20 ಸಾವಿರ ರೂಪಾಯಿ, ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2 ಸಾವಿರ. ಅವರಿಗೆ ಬೇಕಾದದ್ದು ದೊಡ್ಡ ಗಾಡಿ ಅಥವಾ ಎರಡು ಟ್ರಿಪ್.

‘ಹೋದ ತಿಂಗಳಷ್ಟೇ ಇಂಜಿನ್‌ಗೆ 60 ಸಾವಿರ ಹಾಕಿದ್ದೇನೆ, ಈಗ ಹೇಗೆ ಮಾರಲಿ’ ಎಂಬುದು ಇನ್ನೊಂದು ಆಕ್ಷೇಪ. ಹಾಕಿದ ಹಣ ಗಾಡಿ ಇಟ್ಟುಕೊಂಡರೂ ಹಿಂದಿರುಗದು, ಮಾರಿದರೂ ಹಿಂದಿರುಗದು. ಆ ರಿಪೇರಿಯಿಂದ ರೋಗ ವಾಸಿಯಾಗಿದ್ದರೆ ಇಟ್ಟುಕೊಳ್ಳಲು ಅದು ಒಳ್ಳೆಯ ಕಾರಣ, ಆಗಿಲ್ಲದಿದ್ದರೆ ಹಣದ ನೆನಪು ಕಾರಣವಾಗಬಾರದು. ಕಾಗದಪತ್ರದ ಖರ್ಚು ಮಾತ್ರ ಮುಂದೆಯೂ ಬರುವಂಥದ್ದು, ಅದನ್ನು ಮರೆಯಬಾರದು. 2019ರಲ್ಲಿ ಆಂಧ್ರದಾದ್ಯಂತ ಎಪಿ 39 ಎಂಬ ಒಂದೇ ಸಂಕೇತ ಬರುವವರೆಗೆ ಇಲ್ಲಿನ ಗಾಡಿಗಳಿಗೆ ಅನಂತಪುರದ ಎಪಿ 02 ಇತ್ತು. ಆ ನಂಬರಿನ ಸರಕು ಗಾಡಿಗಳಲ್ಲಿ ಬಹಳಷ್ಟು ಎಂಟು ವರ್ಷ ದಾಟಿವೆ. ಅಂದರೆ ಎರಡು ವರ್ಷಕ್ಕೊಮ್ಮೆ ಇದ್ದ ಎಫ್‌ಸಿ ಈಗ ಪ್ರತಿವರ್ಷ. ಹದಿನೈದು ದಾಟಿದವಕ್ಕೆ 2022ರ ಏಪ್ರಿಲ್‌ನಿಂದ ಎಫ್‌ಸಿ ಶುಲ್ಕವನ್ನೂ ಬಹಳ ಏರಿಸಲಾಗಿದೆ. ಹಾಗಾಗಿ ಹದಿನಾಲ್ಕನೆಯ ವರ್ಷದಲ್ಲಿರುವ ಗಾಡಿಗೆ ದೊಡ್ಡ ರಿಪೇರಿ ಮಾಡಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಹೊಸದರ ಪರವಾಗಿ ಹೇಳುವವರು ಎರಡು ವಿಷಯ ಮರೆಯುತ್ತಾರೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧಿ ಮಾಡುವ ಸಲಕರಣೆ, ಸೆನ್ಸರ್‌ಗಳು ಹೆಚ್ಚು. ಹಳೆಯ ಏಸ್‌ನ ಎರಡು ಸಿಲಿಂಡರಿನ ಇಂಜಿನನ್ನು ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ಬಿಚ್ಚಿ ಕೂಡಿಸುತ್ತಾನೆ. ಹೊಸದರಲ್ಲಿ ದೀಪ ಹತ್ತಿಕೊಂಡರೆ ಸ್ಕ್ಯಾನರ್ ಬೇಕು, ಕಂಪನಿಯ ವರ್ಕ್‌ಶಾಪ್ ಬೇಕು. ಅದು ಕೆಡುವುದು ಕಡಿಮೆ, ಕೆಟ್ಟರೆ ದೂರ ಹೋಗಬೇಕು. ಎರಡನೆಯದು ಮಳೆ. ಅನಂತಪುರದ ಸೀಮೆ ದಕ್ಷಿಣ ಭಾರತದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದು. ಕಡಲೆಕಾಯಿಯ ಹಣ ಬಂದರೆ ವರ್ಷಕ್ಕೊಮ್ಮೆ, ಕಂತು ಮಾತ್ರ ತಿಂಗಳ ಐದನೇ ತಾರೀಖಿಗೆ ಬಾಗಿಲು ತಟ್ಟುತ್ತದೆ. ಮೂರು ಕಂತು ತಪ್ಪಿ ಫೈನಾನ್ಸ್‌ನವರು ಎತ್ತಿಕೊಂಡು ಹೋದ ಹೊಸ ಗಾಡಿಗಿಂತ ದಾರಿಯಲ್ಲಿ ನಿಲ್ಲುವ ಹಳೆಯ ಗಾಡಿ ಸಾವಿರ ಪಾಲು ಮೇಲು.

ಆದ್ದರಿಂದ ಸ್ವಂತ ಹೊಲದ ಗೂಡನ್ನು ವರ್ಷಕ್ಕೆ ಐದಾರು ಸಲ ಮಾತ್ರ ಸಾಗಿಸುವ ರೈತ ಸಾಲ ಮಾಡಬೇಕಿಲ್ಲ. ಆ ಐದಾರು ದಿನ ನಂಬಿಕಸ್ತರ ಗಾಡಿಯನ್ನು ಮೊದಲೇ ಗೊತ್ತು ಮಾಡಿ ಬಾಡಿಗೆ ಕೊಡಲಿ, ಗೊಬ್ಬರಕ್ಕೂ ಮೇವಿಗೂ ಹಳೆಯದು ಇರಲಿ. ಹತ್ತಾರು ರೈತರ ಗೂಡನ್ನೋ ಟೊಮೆಟೊವನ್ನೋ ವರ್ಷವಿಡೀ ಹೊರುವವನು, ರೋಗ ಚಾಸಿಯಲ್ಲೋ ಇಂಜಿನ್ನಲ್ಲೋ ಇದೆ ಎಂದು ಖಚಿತವಾದ ಮೇಲೆ, ತಡಮಾಡದೆ ಮಾರಲಿ. ಇವರಿಬ್ಬರ ನಡುವೆ ಇರುವವರು ಡ್ಯಾಶ್‌ಬೋರ್ಡಿನ ಮೇಲೆ ಒಂದು ನೋಟ್‌ಪುಸ್ತಕ ಇಡಿ. ಗಾಡಿ ನಿಂತ ತಾರೀಖು, ನಿಂತ ಜಾಗ, ಕೆಟ್ಟ ಭಾಗ, ಆಗ ತೊಟ್ಟಿಯಲ್ಲಿದ್ದ ಲೋಡು, ಕಡಿಮೆ ಬಂದ ಹಣ, ಇಷ್ಟನ್ನು ಆರು ತಿಂಗಳು ತಪ್ಪದೆ ಬರೆಯಿರಿ. ಶೋರೂಮಿಗೆ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.