ಅಮ್ಮನ ಎದೆ ‘ನಾರ್ಮಲ್’ ಎಂದ ಮಿಷಿನ್ನು

ಮಿನಿ ಪ್ರಾಜೆಕ್ಟ್ ಡೆಮೊಗೆ ಇನ್ನೊಂದೇ ವಾರವಿತ್ತು. ಎಲೆಕ್ಟ್ರಾನಿಕ್ಸ್ ಓದುವ ನಾವು ಮೂವರು ಗೆಳತಿಯರು ಒಂದು ಮಾಮೂಲಿ ಸ್ಟೆತೊಸ್ಕೋಪಿನ ರಬ್ಬರ್ ಕೊಳವೆ ಕತ್ತರಿಸಿ, ಒಳಗೊಂದು ಪುಟ್ಟ ಮೈಕ್ ತೂರಿಸಿ, ಲ್ಯಾಪ್‌ಟಾಪಿಗೆ ಜೋಡಿಸಿದ್ದೆವು. ಎದೆಗೆ ಇಟ್ಟರೆ ಹದಿನೈದು ಸೆಕೆಂಡು ಕೇಳಿಸಿಕೊಂಡು ‘ನಾರ್ಮಲ್’ ಅಥವಾ ‘ಅಬ್‌ನಾರ್ಮಲ್’ ಎಂದು ಪರದೆಯಲ್ಲಿ ತೋರಿಸಬೇಕು. ಅದಕ್ಕೆ ಪಾಠ ಕಲಿಸಲು 2016ರ ಫಿಸಿಯೊನೆಟ್ ಸ್ಪರ್ಧೆಗೆಂದು ಮುಕ್ತವಾಗಿ ಬಿಟ್ಟಿದ್ದ ಮೂರು ಸಾವಿರಕ್ಕೂ ಹೆಚ್ಚು ಹೃದಯದ ಸದ್ದುಗಳನ್ನು ಇಳಿಸಿಕೊಂಡಿದ್ದೆವು. ಹಾಸ್ಟೆಲಿನಲ್ಲಿ ಕೈಗೆ ಸಿಕ್ಕವರ ಎದೆಗೆಲ್ಲ ಇಟ್ಟು ನೋಡಿದ್ದಾಯಿತು. ಎಲ್ಲರೂ ನಾರ್ಮಲ್. ‘ಅಬ್‌ನಾರ್ಮಲ್’ ಎಂದು ತೋರಿಸಲು ಒಂದು ಎದೆ ಬೇಕಲ್ಲ? ನನಗೆ ಗೊತ್ತಿದ್ದ ಅಂಥ ಎದೆ ಒಂದೇ. ಅಮ್ಮನದು.

ತಮ್ಮ ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಬಸುರಿಯರಿಗೆ ಅದೆಲ್ಲ ಇದ್ದದ್ದೇ ಅಂದುಕೊಂಡಿದ್ದರು. ಬಸುರಿನಲ್ಲಿ ಮೈಯ ರಕ್ತ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ. ಹೃದಯದ ಬಾಗಿಲು ಕಿರಿದಾಗಿದ್ದರೆ ಅದು ಬಯಲಾಗುವುದೇ ಆಗ. ಚಿಕ್ಕಂದಿನಲ್ಲಿ ಬಂದ ಗಂಟಲು ನೋವು, ಆಮೇಲೆ ಬಂದ ಜ್ವರ, ಕೀಲು ನೋವು. ಅದು ರುಮ್ಯಾಟಿಕ್ ಜ್ವರ ಎಂದು ಆಗ ಯಾರಿಗೂ ಗೊತ್ತಾಗಿರಲಿಲ್ಲ. ಗಂಟಲಿನ ಸ್ಟ್ರೆಪ್ಟೊಕಾಕಸ್ ವಿರುದ್ಧ ಹೋರಾಡಬೇಕಾದ ಮೈಯ ಸೈನ್ಯ, ತಪ್ಪು ತಿಳಿದು ತನ್ನದೇ ಹೃದಯದ ಕವಾಟಕ್ಕೆ ಏಟು ಕೊಡುವ ಕಾಯಿಲೆ ಅದು. ಗಾಯ ಮಾಗುತ್ತಾ ಕವಾಟದ ಎಸಳುಗಳು ದಪ್ಪಗಾಗಿ ಅಂಟಿಕೊಳ್ಳುತ್ತವೆ. ಹೆರಿಗೆಯಾದ ಮೇಲೆ ಅಮ್ಮನನ್ನು ಬೆಂಗಳೂರಿನ ಜಯದೇವಕ್ಕೆ ಕರೆದೊಯ್ದು, ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಕವಾಟ ಬಿಡಿಸಿಕೊಂಡು ಬಂದರು. ಎದೆ ಕೊಯ್ಯಲೇ ಇಲ್ಲ. ಅಂದಿನಿಂದ ಅಮ್ಮನಿಗೆ ಮೂರು ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್. ಇನ್ನೊಮ್ಮೆ ಆ ಜ್ವರ ಬಂದು ಕವಾಟ ಮತ್ತಷ್ಟು ಕೆಡದಿರಲಿ ಎಂದು. ಬಲು ನೋವಿನ ಇಂಜೆಕ್ಷನ್ನು. ಅಮ್ಮ ಎರಡು ದಿನ ಸೊಂಟ ಹಿಡಿದುಕೊಂಡೇ ಅಡಿಕೆ ಸುಲಿಯಲು ಕೂರುತ್ತಾಳೆ.

ಶನಿವಾರ ಚನ್ನಗಿರಿ ಬಸ್ಸು ಹತ್ತಿ ಮಿಷಿನ್ ಸಮೇತ ಊರಿಗೆ ಹೋದೆ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ರವಿಕೆಯ ಮೇಲೆಯೇ ಇಟ್ಟು, ಅಲುಗಾಡದಿರಲಿ ಎಂದು ಬಿಗಿಯಾಗಿ ಒತ್ತಿ ಹಿಡಿದೆ. ‘ನಾರ್ಮಲ್.’ ಇನ್ನೊಮ್ಮೆ. ‘ನಾರ್ಮಲ್.’

ನಾಚಿಕೆಯಾದರೂ ಹೇಳುತ್ತೇನೆ, ಆಗ ನನಗೆ ಬೇಜಾರಾಯಿತು. ಡೆಮೊ ಕೆಟ್ಟಿತಲ್ಲ ಎಂದು. ಅಮ್ಮನ ಮುಖ ಮಾತ್ರ ಅರಳಿತ್ತು. “ನೋಡಿದ್ಯಾ, ನನಗೇನೂ ಇಲ್ಲ ಅಂತೈತೆ ಮಿಷಿನ್ನು” ಎಂದು ಪಕ್ಕದ ಮನೆ ಚಿಕ್ಕಮ್ಮನಿಗೂ ಕೂಗಿ ಹೇಳಿದಳು. ನಾನು ನಕ್ಕು ಸುಮ್ಮನಾದೆ. ಡೆಮೊದಲ್ಲಿ ಅಮ್ಮನ ವಿಷಯ ಎತ್ತಲಿಲ್ಲ. ಒಳ್ಳೆಯ ಮಾರ್ಕ್ಸೇ ಬಂತು.

ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಇಂಜೆಕ್ಷನ್ ಹಾಕಿಸಿಕೊಂಡ ದಿನಕ್ಕೆ ಅಮ್ಮ ಒಂದು ಸುತ್ತು ಹಾಕುವುದು ರೂಢಿ. ಮೂರು ಸುತ್ತುಗಳು ಇರಲಿಲ್ಲ. ಕೇಳಿದೆ. “ನಿನ್ ಮಿಷಿನ್ನೇ ಹೇಳ್ತಲ್ಲ ಪುಟ್ಟಿ, ಇನ್ಯಾಕೆ ಸುಮ್ನೆ ಚುಚ್ಚಿಸ್ಕೊಳ್ಳೋದು?” ಅಂದಳು.

ಮಾರನೆಯ ದಿನವೇ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಮ್ಮನನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತೊಸ್ಕೋಪಿನ ತಲೆಯನ್ನು ತಿರುಗಿಸಿ ಬಟ್ಟಲಿನಂಥ ಬದಿಯನ್ನು ಎದೆಗೆ ಸುಮ್ಮನೆ ಸೋಕಿಸಿ, “ಉಸಿರು ಬಿಟ್ಟು ಹಿಡ್ಕೊಳ್ಳಮ್ಮ” ಅಂದರು. ಇಯರ್‌ಪೀಸ್ ನನ್ನ ಕಿವಿಗಿಟ್ಟರು.

ಹೃದಯದ ‘ಲಬ್-ಡಬ್’ ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವಿನ ಎರಡು ಮುಚ್ಚಿದಾಗ ಲಬ್, ದೊಡ್ಡ ರಕ್ತನಾಳಗಳ ಬಾಯಿಯ ಎರಡು ಮುಚ್ಚಿದಾಗ ಡಬ್. ಕವಾಟ ಸರಿಯಾಗಿದ್ದರೆ ನಡುವೆ ನಿಶ್ಶಬ್ದ. ಅಪ್ಪ ಬಾವಿಯ ಪಂಪಿಗೆ ಫುಟ್‌ವಾಲ್ವ್ ಹಾಕುವುದನ್ನು ನೋಡಿದ ನನಗೆ ಇದು ಕಷ್ಟವೇನಲ್ಲ: ಸರಿಯಾಗಿ ಮುಚ್ಚದಿದ್ದರೆ ನೀರು ಹಿಂದಕ್ಕೆ ಸೋರುತ್ತದೆ, ಸರಿಯಾಗಿ ತೆರೆಯದಿದ್ದರೆ ತಡೆಯುತ್ತದೆ. ಎರಡರಲ್ಲೂ ಹರಿವು ಕದಡಿ ಸದ್ದಾಗುತ್ತದೆ. ಡಾಕ್ಟರು ಅದಕ್ಕೆ ಮರ್ಮರ್ ಅನ್ನುತ್ತಾರೆ. (ನಮ್ಮಲ್ಲೂ ಒಣಗಿದೆಲೆಯ ಸದ್ದಿಗೆ ಮರ್ಮರ ಅನ್ನುತ್ತೇವಲ್ಲ!) ಲಬ್ ಆದ ಮೇಲೆ ಬಂತೋ ಡಬ್ ಆದ ಮೇಲೆ ಬಂತೋ ಎಂಬುದರಲ್ಲೇ ಅರ್ಧ ಗುಟ್ಟು. ಸೋರುವ ಮೈಟ್ರಲ್ ಕವಾಟದ ಸದ್ದು ಲಬ್‌ನಿಂದ ಡಬ್‌ವರೆಗೆ ಗಾಳಿ ಊದಿದಂತೆ. ಕಿರಿದಾದ ಮೈಟ್ರಲ್ ಕವಾಟದ್ದು ಡಬ್ ಆದ ಮೇಲೆ, ಹೃದಯ ವಿರಾಮದಲ್ಲಿ ರಕ್ತ ತುಂಬಿಕೊಳ್ಳುವಾಗ. ಅಮ್ಮನದು ಎರಡನೆಯದು. ಮೊದಮೊದಲು ಏನೂ ಕೇಳಲಿಲ್ಲ. ಆಮೇಲೆ, ದೂರದಲ್ಲಿ ಎಲ್ಲೋ ಲಾರಿ ನಿಂತಲ್ಲೇ ಗುರ್ರೆನ್ನುತ್ತಿರುವಂತೆ, ಕೇಳಿಸುವುದಕ್ಕಿಂತ ಹೆಚ್ಚಾಗಿ ಕಿವಿಗೆ ತಾಗುವಂತೆ ಒಂದು ತಗ್ಗಿನ ಸದ್ದು.

ಬಟ್ಟಲಿನ ಬದಿಯನ್ನು ಒತ್ತಿ ಹಿಡಿದು ತೋರಿಸಿದರು. ಸದ್ದು ಮಾಯ! ಒತ್ತಿದರೆ ಚರ್ಮವೇ ಬಿಗಿದ ಪೊರೆಯಾಗಿ ತಗ್ಗಿನ ಸದ್ದನ್ನು ತಡೆದುಬಿಡುತ್ತದೆಯಂತೆ. ಅಂದರೆ ನಮ್ಮ ಪಠ್ಯದ ಹೈ-ಪಾಸ್ ಫಿಲ್ಟರ್. ಆಗ ತಲೆಗೆ ಹೊಳೆಯಿತು. ಲ್ಯಾಪ್‌ಟಾಪಿನ ಚಾರ್ಜರಿನಿಂದ ಬರುತ್ತಿದ್ದ 50 ಹರ್ಟ್ಜ್ ಗುಂಯ್‌ಗಾಟ ತೆಗೆಯಲು ನಾವು 100 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನೆಲ್ಲ ಪ್ರೋಗ್ರಾಮಿನಲ್ಲಿ ಕತ್ತರಿಸಿ ಹಾಕಿದ್ದೆವು. ಅಮ್ಮನ ಕಾಯಿಲೆ ಇದ್ದದ್ದು ಬಹುಪಾಲು ಅಲ್ಲೇ. ಕಸ ಎಂದು ಗುಡಿಸಿ ಎಸೆದಿದ್ದೆವು.

ಎಕೋ ಮಾಡಿದರು. ಆರೋಗ್ಯವಂತರ ಮೈಟ್ರಲ್ ಕವಾಟ 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. ಅಮ್ಮನದು 1.7. ಸದ್ಯಕ್ಕೆ ಬಲೂನು ಬೇಡ, ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ ಅಂದರು. ಸದ್ದು ಎಷ್ಟು ಜೋರು ಎನ್ನುವುದರಿಂದ ಕಾಯಿಲೆ ಅಳೆಯಬೇಡ ಎಂದೂ ನನಗೆ ಹೇಳಿದರು. ಬಹಳ ಕಿರಿದಾಗಿ ರಕ್ತವೇ ಕಡಿಮೆ ಹರಿದರೆ ಸದ್ದೂ ತಗ್ಗಬಹುದು. ಇನ್ನೊಂದೆಡೆ, ಎಷ್ಟೋ ಮಕ್ಕಳಲ್ಲಿ, ರಕ್ತಹೀನತೆ ಇದ್ದವರಲ್ಲಿ ಕವಾಟ ಸರಿಯಿದ್ದೂ ಮರ್ಮರ್ ಕೇಳಿಸುತ್ತದೆ. ಕಿವಿ ಅನುಮಾನ ಹುಟ್ಟಿಸಬೇಕು, ತೀರ್ಮಾನ ಎಕೋಗೆ ಬಿಡಬೇಕು ಎಂಬುದು ಅವರ ಮಾತಿನ ಅರ್ಥ. ನಮ್ಮ ಮಿಷಿನ್ ತೀರ್ಮಾನವನ್ನೇ ಕೊಟ್ಟುಬಿಟ್ಟಿತ್ತು.

ಈಗ ಅದಕ್ಕೆ ಮೂರನೆಯ ಉತ್ತರ ಸೇರಿಸಿದ್ದೇವೆ: ‘ಹೇಳಲಾಗದು, ಡಾಕ್ಟರಿಗೆ ತೋರಿಸಿ.’ ಆ ಸ್ಪರ್ಧೆಯಲ್ಲೂ ಇಂಥದೊಂದು ಉತ್ತರಕ್ಕೆ ಜಾಗವಿತ್ತು. ಮಾರ್ಕ್ಸಿನ ಅವಸರದಲ್ಲಿ ನಾವೇ ಬಿಟ್ಟಿದ್ದೆವು. 50 ಹರ್ಟ್ಜ್ ಕಾಟಕ್ಕೆ ಪರಿಹಾರ ತೀರಾ ಸರಳವಾಗಿತ್ತು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸುವುದು!

ಹಾಗೆ ಚಾರ್ಜರ್ ಕಿತ್ತು, ಫಿಲ್ಟರ್ ತೆಗೆದು, ಅಮ್ಮನನ್ನು ಎಡಕ್ಕೆ ಮಲಗಿಸಿ ಮತ್ತೆ ರೆಕಾರ್ಡ್ ಮಾಡಿದೆ. ಹೆಡ್‌ಫೋನ್ ಅವಳ ಕಿವಿಗೇ ಹಾಕಿದೆ. ಇಷ್ಟು ವರ್ಷ ಊರಿನ ಡಾಕ್ಟರೆಲ್ಲ ಕೇಳಿದ್ದನ್ನು ಅವಳು ಮೊದಲ ಸಲ ಕೇಳಿದಳು. ಕಣ್ಣು ಮುಚ್ಚಿಕೊಂಡು ಸುಮಾರು ಹೊತ್ತು ಕೂತಿದ್ದಳು.

“ಅಡಿಕೆ ಬೇಯೋ ಹಂಡೆ ಇದ್ದಂಗೈತೆ ಕಣೇ” ಅಂದಳು. ಆಮೇಲೆ ಎದ್ದು, ಕ್ಯಾಲೆಂಡರಿನ ಮುಂದೆ ನಿಂತು ಬೆರಳಲ್ಲಿ ವಾರ ಎಣಿಸತೊಡಗಿದಳು.