ಬೊಮ್ಮನಹಳ್ಳಿಯ ಬೇಲಿ: ಹೆಸರು ಕೇಳಿ ಗಿಡ ಕೊಂಡವರ ಕಥೆ

ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ನಮ್ಮ ಸಂಘದ ಕಾಫಿ ಪುಡಿ ಮಾರಾಟಕ್ಕೆಂದು ತೆಗೆದುಕೊಂಡಿರುವ ಗೋದಾಮನ್ನು ಸದಸ್ಯ ಬಾಂಧವರಲ್ಲಿ ಹಲವರು ನೋಡಿದ್ದೀರಿ. ಹೊಸೂರು ರಸ್ತೆಯ ಧೂಳು, ಲಾರಿಗಳ ಹೊಗೆ, ಅಕ್ಕಪಕ್ಕದ ವರ್ಕ್‌ಷಾಪುಗಳ ಸದ್ದು ಇವುಗಳ ನಡುವೆ ಹುರಿದ ಕಾಫಿಯನ್ನು ಇಡುವ ಜಾಗ ಅದು. ರಸ್ತೆಯ ಬದಿಗೆ 120 ಅಡಿ ಉದ್ದಕ್ಕೆ ಒಂದು ಹಸಿರು ಬೇಲಿ ಇದ್ದರೆ ಧೂಳೂ ತಡೆಯುತ್ತದೆ, ಬಂದವರ ಕಣ್ಣಿಗೂ ತಂಪು ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಆ ಬೇಲಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನೂ ಅದರಿಂದ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲಿ ಮಕ್ಕಳಿಗಾಗಿ ಮನೆ ಕಟ್ಟಿಸುತ್ತಿದ್ದೀರಿ. ನಮಗಾದ ನಷ್ಟ ನಿಮಗೆ ಆಗಬಾರದು.

ಯೂ ಎಂದು ಬಂದ ಗಿಡ

ಗಿಡ ಮಾರುವವರೊಬ್ಬರು ಬಂದು, "ಸಾರ್, ಇದು ಜಪಾನಿನ ಯೂ. ವರ್ಷವಿಡೀ ಹಸಿರು. ಯುರೋಪಿನ ಅರಮನೆಗಳಲ್ಲೆಲ್ಲ ಇದೇ ಬೇಲಿ" ಎಂದರು. ಚಿತ್ರವನ್ನೂ ತೋರಿಸಿದರು. ನಾವು ಮರುಳಾದೆವು. ಎರಡಡಿಗೆ ಒಂದರಂತೆ 60 ಗಿಡ ತರಿಸಿ ಮುಂಗಾರಿನಲ್ಲಿ ನೆಡಿಸಿದೆವು. ಕಾವಲುಗಾರನಿಗೆ ದಿನವೂ ನೀರು ಹಾಕುವಂತೆ ಹೇಳಿದೆವು. ಸಂಕ್ರಾಂತಿಯ ಹೊತ್ತಿಗೆ 41 ಗಿಡಗಳು ಒಣಗಿದ್ದವು.

ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಓದುವಾಗ ಈ ಬಾಬತ್ತು ಬಂತು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದರು: "ಕಾರ್ಯದರ್ಶಿಗಳೇ, ನಿಮ್ಮ ತೋಟದಲ್ಲಿ ಒಂದು ಕಾಫಿ ಗಿಡ ಬಾಡಿದರೆ ಬೇರು ಕಿತ್ತು ನೋಡುತ್ತೀರಿ. ಸಂಘದ ಗಿಡ ನಲವತ್ತೊಂದು ಸಾಯುವವರೆಗೆ ಯಾಕೆ ನೋಡಲಿಲ್ಲ?" ನಮ್ಮಲ್ಲಿ ಉತ್ತರವಿರಲಿಲ್ಲ. ಮಾರನೆಯ ವಾರವೇ ಬೊಮ್ಮನಹಳ್ಳಿಗೆ ಹೋಗಿ ಗುದ್ದಲಿ ಹಿಡಿಸಿದೆವು.

ಅಗೆದಾಗ ಕಂಡದ್ದು

ಒಂದಡಿ ಕೆಳಗೆ ಮಣ್ಣೇ ಇರಲಿಲ್ಲ. ಇಟ್ಟಿಗೆ ಚೂರು, ಸಿಮೆಂಟು ಗಾರೆ, ಅದರಡಿ ಗಟ್ಟಿಯಾಗಿ ಕೂತ ಜೇಡಿ. ಹಳ್ಳಿಯಾಗಿದ್ದ ಬೊಮ್ಮನಹಳ್ಳಿ ಊರಾಗಿ ಬೆಳೆದು, ನಗರಸಭೆಯಾಗಿ, 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ ಅವಧಿಯಲ್ಲಿ ತಗ್ಗಿನ ನಿವೇಶನಗಳನ್ನು ಕಟ್ಟಡದ ಅವಶೇಷದಿಂದ ತುಂಬಿ ಎತ್ತರಿಸಿದ್ದು ಎಷ್ಟೋ. ನಮ್ಮದೂ ಅಂಥದೇ ಜಾಗ. ನೀರು ಬಸಿಯದೆ ಗುಂಡಿಯಲ್ಲೇ ನಿಂತು ಬೇರು ಕಂದಾಗಿ ಕೊಳೆತಿತ್ತು. ಬರದಿಂದಲ್ಲ, ನಾವೇ ಹಾಕಿಸಿದ ನೀರಿನಿಂದ ಗಿಡ ಸತ್ತಿತ್ತು. ಮಳೆಗಾಲದಲ್ಲಿ ಬಸಿಗಾಲುವೆ ಬಿಡಿಸದ ಅಡಿಕೆ ತೋಟದ ಗತಿ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೇಟೆಗೆ ಹೋದೊಡನೆ ಅದನ್ನು ಮರೆತೆವು.

ಎರಡನೆಯ ಸಂಗತಿ ಹೆಸರಿನದು. ಉಳಿದ ಗಿಡದ ರೆಂಬೆಯನ್ನು ಸಸ್ಯಶಾಸ್ತ್ರ ಬಲ್ಲ ಮಿತ್ರರಿಗೆ ತೋರಿಸಿದಾಗ ಅವರು ನಕ್ಕರು. ಅದು ಯೂ ಅಲ್ಲವೇ ಅಲ್ಲ, ಪೊಡೊಕಾರ್ಪಸ್. ಮಾರುಕಟ್ಟೆಯಲ್ಲಿ ಅದಕ್ಕೂ ಜಪಾನಿನ ಯೂ ಎಂಬ ಹೆಸರು ನಡೆಯುತ್ತದೆ. ಗುರುತು ಸುಲಭ. ನಿಜವಾದ ಯೂ ಎಲೆ ಹೆಚ್ಚೆಂದರೆ ಒಂದೂವರೆ ಅಂಗುಲ. ಪೊಡೊಕಾರ್ಪಸ್‌ನದು ಮೂರು ನಾಲ್ಕು ಅಂಗುಲ ಉದ್ದ, ಪಟ್ಟಿಯಂತೆ.

ನಿಜವಾದ ಯೂ ಎಲ್ಲಿಯದು?

ಯೂ ಚಳಿನಾಡಿನ ಗಿಡ. ನಮ್ಮ ದೇಶದಲ್ಲಿ ಹಿಮಾಲಯದಲ್ಲಿ, ಸುಮಾರು 2000 ಮೀಟರಿಗಿಂತ ಮೇಲಿನ ಕಾಡುಗಳಲ್ಲಿ ಅದರ ಜಾತಿಗಳಿವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಹಿಮವನ್ನೇ ಕಾಣದ ಊರು. ಇಲ್ಲಿ ಯೂ ಬೇಲಿಯ ಆಸೆ ಕೊಡೈಕೆನಾಲಿನಲ್ಲಿ ತೆಂಗಿನ ತೋಟ ಮಾಡಿದಂತೆ.

ಯುರೋಪಿನವರು ಬೇಲಿಗೆ ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸೂಚಿಪರ್ಣ ಜಾತಿಯ ಗಿಡಗಳಲ್ಲಿ ಹೆಚ್ಚಿನವು ಎಲೆಯಿಲ್ಲದ ಹಳೆಯ ಕಾಂಡದವರೆಗೆ ಕತ್ತರಿಸಿದರೆ ಮತ್ತೆ ಚಿಗುರುವುದಿಲ್ಲ. ನಮ್ಮಲ್ಲಿ ಮೋರ್ಪಂಕಿ ಎನ್ನುವ ಥೂಜಾ ಹೀಗೆಯೇ, ಒಮ್ಮೆ ಬೋಳಾದ ಜಾಗ ಬೋಳೇ. ಯೂ ಮಾತ್ರ ಬುಡದವರೆಗೆ ಕಡಿದರೂ, ಕಾಂಡ ಕತ್ತರಿಸಿದ ರೊಬಸ್ಟಾದಂತೆ, ಮತ್ತೆ ಕಂಬ ಚಿಗುರು ಒಡೆಯುತ್ತದೆ. ನಿಧಾನವಾಗಿ ಬೆಳೆಯುವುದರಿಂದ ಕತ್ತರಿ ಕೆಲಸವೂ ಕಡಿಮೆ.

ಆದರೆ ಅದು ವಿಷದ ಗಿಡ. ಬೀಜವನ್ನು ಸುತ್ತಿರುವ ಕೆಂಪು ತಿರುಳೊಂದನ್ನು ಬಿಟ್ಟು ಎಲೆ, ತೊಗಟೆ, ಬೀಜ ಎಲ್ಲವೂ ಹೃದಯಕ್ಕೆ ಮಾರಕ. ಒಣಗಿದ ರೆಂಬೆಯನ್ನು ತಿಂದರೂ ದನ, ಕುದುರೆ ಸಾಯುತ್ತವೆ. ಇದೇ ಕುಲದ ಗಿಡದಿಂದ ಔಷಧವೂ ಬಂದಿದೆ. 1962ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಯೂ ತೊಗಟೆಯನ್ನು ಪರೀಕ್ಷೆಗೆ ಸಂಗ್ರಹಿಸಿದರು. 1971ರಲ್ಲಿ ಮನ್ಸುಖ್ ವಾನಿ ಮತ್ತು ಮನ್ರೋ ವಾಲ್ ಎಂಬ ವಿಜ್ಞಾನಿಗಳು ಅದರಲ್ಲಿನ ಟ್ಯಾಕ್ಸಾಲ್‌ನ ರಚನೆಯನ್ನು ಪ್ರಕಟಿಸಿದರು. 1992ರಲ್ಲಿ ಅಲ್ಲಿ ಅದು ಅಂಡಾಶಯದ ಕ್ಯಾನ್ಸರಿಗೆ ಔಷಧವಾಗಿ ಮಂಜೂರಾಯಿತು. ತೊಗಟೆ ಸುಲಿದರೆ ಮರ ಸಾಯುತ್ತದೆ. ಹಾಗಾಗಿ ಆಮೇಲೆ ಯುರೋಪಿನ ಯೂ ಎಲೆಯಿಂದ ತೆಗೆದ ಪದಾರ್ಥವನ್ನು ಔಷಧವಾಗಿ ಪರಿವರ್ತಿಸುವ ವಿಧಾನ ಬಂತು. ಬೇಲಿ ಕತ್ತರಿಸಿದ ಕಸಕ್ಕೂ ಬೆಲೆ ಬಂತು. ಇತ್ತ ನಮ್ಮ ಹಿಮಾಲಯದ ಯೂ ಮರಗಳನ್ನು ಮಿತಿಮೀರಿ ಕಡಿದದ್ದರಿಂದ 1995ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹಾಕಬೇಕಾಯಿತು. ಬುಡ ಉಳಿಸಿ ಚಿಗುರು ಕೊಯ್ಯುವವನೇ ಬೆಳೆಗಾರ ಎಂಬ ಮಾತು ಅಲ್ಲಿಗೂ ಸಲ್ಲುತ್ತದೆ.

ಊರಿಗೆ ಒಗ್ಗಿದ್ದನ್ನು ಆರಿಸಿದವರು

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿದವರು. ಯೂ ಬೇಲಿಗಳನ್ನು ಕಾಣದೆ ಇದ್ದಿರಲಾರರು. ಆದರೂ ಬೆಂಗಳೂರಿನ ರಸ್ತೆಗಳಿಗೆ ಅವರು ಆರಿಸಿದ್ದು ಈ ಹವೆಗೆ ಒಗ್ಗುವ, ಒಂದಾದ ಮೇಲೊಂದು ಹೂ ಬಿಡುವ ಮರಗಳನ್ನು. ಪರದೇಶದ ಗಿಡ ತಂದರೂ ನೆಲ ನೋಡಿ ತಂದರು. ನೆಲ ನೋಡದೆ, ಅಂದಕ್ಕೆಂದು ತಂದ ಗಿಡದ ಫಲ ಏನೆಂಬುದು ನಮ್ಮ ತೋಟಗಳಿಗೆ ಗೊತ್ತು. 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಲಂಟಾನವನ್ನು ನಾವು ಇಂದಿಗೂ ಆಳು ಹಚ್ಚಿ ಕೀಳಿಸುತ್ತಿದ್ದೇವೆ.

ಎರಡನೆಯ ಸಲ ಮಾಡಿದ್ದು

ಉದ್ದಕ್ಕೂ ಎರಡಡಿ ಆಳ, ಎರಡಡಿ ಅಗಲದ ಕಾಲುವೆ ತೋಡಿಸಿ ಅವಶೇಷವನ್ನೆಲ್ಲ ಹೊರಹಾಕಿದೆವು. ಒಂದು ತುದಿಗೆ ಇಳಿಜಾರು ಕೊಟ್ಟು ನೀರು ಚರಂಡಿ ಸೇರುವಂತೆ ಮಾಡಿದೆವು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ನೆಲಕ್ಕಿಂತ ಒಂದಡಿ ಎತ್ತರದ ಏರಿ ಕಟ್ಟಿಸಿದೆವು.

ಬದುಕಿದ್ದ 19 ಪೊಡೊಕಾರ್ಪಸ್‌ಗಳನ್ನು ಬೇರಿನ ಮಣ್ಣು ಸಮೇತ ಎತ್ತಿ ಗೇಟಿನ ಬಳಿ 38 ಅಡಿಗೆ ಒಟ್ಟಾಗಿ ನೆಟ್ಟೆವು. ಗಿಡದ ತಪ್ಪೇನೂ ಇರಲಿಲ್ಲ. ನೀರು ಬಸಿಯುವ ನೆಲ ಸಿಕ್ಕಿದ ಮೇಲೆ ಅವು ಚೆನ್ನಾಗಿಯೇ ಬಂದಿವೆ, ಅರೆನೆರಳನ್ನೂ ತಾಳುತ್ತವೆ. ಅದರ ಬೀಜ ಮಾತ್ರ ತಿನ್ನತಕ್ಕದ್ದಲ್ಲ, ಮಕ್ಕಳಿರುವ ಮನೆಯವರು ನೆನಪಿಡಬೇಕು. ಪೊಡೊಕಾರ್ಪಸ್‌ನ ಹತ್ತಿರದ ನೆಂಟ ಮರವೊಂದು ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ದಕ್ಷಿಣ ಭಾರತದ ಕಾಡಿಗೆ ಸಹಜವಾದ ಸೂಚಿಪರ್ಣ ಜಾತಿ ಅದೊಂದೇ.

ಮಿಕ್ಕ 82 ಅಡಿಗೆ ಬಂದರಿಕೆ, ಕೇಪಳ, ದಾಸವಾಳ ಹಾಕಿದೆವು. ಬಂದರಿಕೆ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆಯುವ ನಿತ್ಯಹಸಿರಿನ ಪೊದೆ, ನೀರು ಕಡಿಮೆಯಾದರೂ ತಾಳುತ್ತದೆ. ಕೇಪಳ ಕಾಫಿಯ ಕುಟುಂಬದ್ದೇ. ಎಲ್ಲ ಸೇರಿ ಖರ್ಚು ಮೊದಲ 60 ಗಿಡಗಳ ಬೆಲೆಯ ಅರ್ಧವೂ ಆಗಲಿಲ್ಲ.

ಕತ್ತರಿಸುವಾಗ ಒಂದು ನಿಯಮ. ಬೇಲಿ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದಾಗಿರಬೇಕು. ತುದಿ ಅಗಲವಾದರೆ ಕೆಳಗೆ ಬಿಸಿಲು ಬೀಳದೆ ಬುಡ ಬೋಳಾಗುತ್ತದೆ. ಮರಗಸಿ ಮಾಡದ ತೋಟದಲ್ಲಿ ಕಾಫಿಯ ಕೆಳರೆಕ್ಕೆ ಒಣಗುವ ಹಾಗೆ. ಬೇಕಾದ ಎತ್ತರಕ್ಕೆ ಬರುವವರೆಗೆ ಕಾಯದೆ, ಮೊದಲ ವರ್ಷದಿಂದಲೇ ಸ್ವಲ್ಪ ಸ್ವಲ್ಪ ತುದಿ ಮುರಿಯಿರಿ.

ಇನ್ನೊಂದು ಎಚ್ಚರಿಕೆ ಕಿತ್ತಳೆ ಇರುವ ಸದಸ್ಯರಿಗೆ. ಸುವಾಸನೆಯ ಬಿಳಿ ಹೂವಿನ ಕಾಡು ಕರಿಬೇವನ್ನು ಬೇಲಿಗೆಂದು ಪೇಟೆಯಿಂದ ತೋಟಕ್ಕೆ ಒಯ್ಯಬೇಡಿ. ಕಿತ್ತಳೆಗೆ ಹಸಿರು ರೋಗ ಹರಡುವ ಜಿಗಿಹುಳುವಿಗೆ ಅದು ಅಚ್ಚುಮೆಚ್ಚಿನ ಆಸರೆ. ದನ ಓಡಾಡುವ ಕಡೆ ಕಣಗಿಲೆಯೂ ಬೇಡ, ಅದರ ಎಲೆಯೂ ವಿಷವೇ.

ನೆಟ್ಟು ಮೂರು ವರ್ಷವಾಯಿತು. ಎದುರಿನ ಹೆದ್ದಾರಿಯ ಮೇಲೆ ಈಗ ಮೆಟ್ರೋ ರೈಲು ಓಡುತ್ತಿದೆ, ಕೆಳಗಿನ ಧೂಳು ಹಾಗೆಯೇ ಇದೆ. ನಮ್ಮ ಗೋದಾಮಿನ ಒಳಗೆ ಮಾತ್ರ ಕಡಿಮೆಯಾಗಿದೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರು ಮೊನ್ನೆ ಅಲ್ಲಿಗೆ ಬಂದವರು ಬೇಲಿಯ ಬುಡಕ್ಕೆ ಕೈ ಹಾಕಿ ಮಣ್ಣು ಹಿಸುಕಿ ನೋಡಿ, "ಈಗ ಸರಿ" ಎಂದಷ್ಟೇ ಹೇಳಿದರು. ನಮಗೆ ಅಷ್ಟು ಸಾಕು.

ಬೇಲಿ ಹಾಕಬೇಕೆಂದಿರುವ ಸದಸ್ಯರು ಮೊದಲು ಗುಂಡಿ ತೋಡಿ ಒಂದು ಕೊಡ ನೀರು ಸುರಿದು ಮಾರನೆಯ ದಿನ ನೋಡಿರಿ. ನೀರು ಇನ್ನೂ ನಿಂತಿದ್ದರೆ ಗಿಡ ಕೊಳ್ಳುವ ಹಣವನ್ನು ಮೊದಲು ಬಸಿಗಾಲುವೆಗೆ ಹಾಕಿರಿ. ಬಂದರಿಕೆಯ ಬೀಜವನ್ನೂ ಕೇಪಳದ ಕಡ್ಡಿಗಳನ್ನೂ ಸಂಘದ ಕಛೇರಿಯಲ್ಲಿ ಕೇಳಿದವರಿಗೆ ಕೊಡುತ್ತೇವೆ, ಅದಕ್ಕೆ ಹಣವಿಲ್ಲ.